ಪೂರ್ವ ಆಫ್ರಿಕಾದಲ್ಲಿ ಹಾರಾಟದ ಹವಾಮಾನ: ಚಂದಾ ಕಟ್ಟಿದ ಆ್ಯಪ್, ಬ್ರೀಫಿಂಗ್ ಫೋಲ್ಡರ್, ಪುಕ್ಕಟೆ ಉಪಗ್ರಹ ಚಿತ್ರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೀಟಿಯೊಸ್ಯಾಟ್ ಉಪಗ್ರಹದ ಚಿತ್ರಕ್ಕೆ. ಅದರ ಜೊತೆಗೆ ಇಳಿಯುವ ಜಾಗದಲ್ಲಿ ಇರುವವರಿಗೆ ಒಂದು ಫೋನ್. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸೆಸ್ನಾ ಕ್ಯಾರವಾನ್ ಅನ್ನುವ ಸಣ್ಣ ವಿಮಾನ ಹಾರಿಸುವ ನನಗೆ ಇವೆರಡೂ ಕೊಟ್ಟಷ್ಟು ಧೈರ್ಯವನ್ನು ನೂರಾರು ಡಾಲರ್ ಚಂದಾದ ಆ್ಯಪ್ ಕೊಡಲಿಲ್ಲ. ಹಾರಾಟದ ಗಂಟೆ ಕೂಡಿಸಲು ಈ ಕಡೆ ಕೆಲಸಕ್ಕೆ ಬರುವ ನಮ್ಮ ಹುಡುಗರು, ಹುಡುಗಿಯರು ‘ಯಾವ ಆ್ಯಪ್ ತಗೊಳ್ಳೋದು?’ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ್ಯಪ್ ಕೆಟ್ಟದ್ದೇನಲ್ಲ. ನಕ್ಷೆ ಚೆನ್ನಾಗಿದೆ, ದಾರಿ ಹಾಕುವುದು ಸುಲಭ, ತೂಕದ ಲೆಕ್ಕವೂ ಅದರಲ್ಲೇ ಆಗುತ್ತದೆ. ಆದರೆ ಹವಾಮಾನದ ಪುಟವನ್ನು ಅಮೆರಿಕ, ಯುರೋಪಿನ ಆಕಾಶಕ್ಕೆ ಹೇಳಿ ಮಾಡಿಸಿದ್ದಾರೆ. ಅಲ್ಲಿ ಎಲ್ಲೆಲ್ಲೂ ಮಳೆಯ ರಾಡಾರ್ ಇದೆ. ಇಲ್ಲಿ ರಾಡಾರ್ ಪದರ ತೆರೆದರೆ ನೈರೋಬಿಯಿಂದ ದಕ್ಷಿಣ ಸುಡಾನಿನ ಜೂಬಾವರೆಗೂ ಬರೀ ಖಾಲಿ. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಇಡೀ ಆಫ್ರಿಕಾ ಖಂಡಕ್ಕೆ ಇದ್ದ ಹವಾಮಾನ ರಾಡಾರ್ 37. ಯುರೋಪಿಗೆ 345. ಖಾಲಿ ಪರದೆ ಅಂದರೆ ಮಳೆ ಇಲ್ಲ ಅಂತಲ್ಲ, ನೋಡುವ ಕಣ್ಣೇ ಇಲ್ಲ ಅಂತ. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ನನ್ನ ತಲೆ ಕೆಡಿಸಿದ್ದು ಮಾತ್ರ ರಾಡಾರ್ ಅಲ್ಲ. ಹಸಿರು ಚುಕ್ಕಿ.

ನಿಲ್ದಾಣಗಳು ಕಳಿಸುವ ಹವಾಮಾನ ವರದಿಗೆ ಮೆಟಾರ್ ಅನ್ನುತ್ತೇವೆ. ಗಾಳಿ, ವಿಸಿಬಿಲಿಟಿ, ಮೋಡದ ಎತ್ತರ, ಉಷ್ಣತೆ, ಒತ್ತಡ ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ನಿಯಮದ ಪ್ರಕಾರ ಗಂಟೆಗೊಮ್ಮೆ ಬರಬೇಕು, ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ. ಆ್ಯಪ್ ಆ ಸಾಲನ್ನು ಓದಿ ನಕ್ಷೆಯ ಮೇಲೆ ಚುಕ್ಕಿ ಇಡುತ್ತದೆ. ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು.

ಉತ್ತರದ ಒಂದು ಸಣ್ಣ ನಿಲ್ದಾಣಕ್ಕೆ ಬೆಳಗಿನ ಜಾವ ಹೊರಡುವುದು ನನ್ನ ಮಾಮೂಲು ಕೆಲಸ. ಬೆಳಗ್ಗೆ ಆರೂವರೆಗೆ ನೋಡಿದರೆ ಅಲ್ಲಿ ಹಸಿರು ಚುಕ್ಕಿ ಇರುತ್ತದೆ. ಒತ್ತಿ, ಒಳಗಿನ ಸಾಲು ತೆರೆದರೆ ಶುರುವಲ್ಲೇ ‘141500ಜೆಡ್’. ಅಂದರೆ 14ನೇ ತಾರೀಖು, ಝುಲು (ಗ್ರೀನಿಚ್) ಸಮಯ 1500. ಕೀನ್ಯಾದ ಗಡಿಯಾರ ಮೂರು ಗಂಟೆ ಮುಂದೆ, ಹಾಗಾಗಿ ಅದು ಹಿಂದಿನ ಸಂಜೆ ಆರು ಗಂಟೆಯ ವರದಿ. ಇವತ್ತು 15. ಹನ್ನೆರಡೂವರೆ ಗಂಟೆ ಹಳೆಯ ಆಕಾಶವನ್ನು ಆ್ಯಪ್ ಹಸಿರು ಬಣ್ಣ ಬಳಿದು ನನ್ನ ಮುಂದೆ ಇಟ್ಟಿದೆ. ವಯಸ್ಸನ್ನು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಅದೂ ಒತ್ತಿದರೆ ಮಾತ್ರ ಕಾಣುವ ಹಾಗೆ ಹಾಕಿದ್ದಾರೆ.

ವರದಿ ನಿಲ್ಲುವುದಕ್ಕೆ ಕಾರಣಗಳಿವೆ. ವೀಕ್ಷಕರು ಹಗಲು ಮಾತ್ರ ಇರುತ್ತಾರೆ. ಕರೆಂಟು ಹೋಗುತ್ತದೆ. ಸ್ವಯಂಚಾಲಿತ ಯಂತ್ರಕ್ಕೆ ಸಿಡಿಲು ಬಡಿದರೆ ಬಿಡಿಭಾಗ ಹೊರದೇಶದಿಂದ ಬರಬೇಕು. ಒಮ್ಮೊಮ್ಮೆ ವೀಕ್ಷಕರು ಸರಿಯಾಗಿ ನೋಡಿ ರಿಜಿಸ್ಟರ್‌ನಲ್ಲಿ ಬರೆದಿರುತ್ತಾರೆ, ಸಂದೇಶ ಕಳಿಸುವ ಲೈನ್ ಕೈಕೊಟ್ಟಿರುತ್ತದೆ. ಅವರ ಮೇಲೆ ನನಗೆ ಕೋಪವಿಲ್ಲ. ಸಿಕ್ಕಿದ್ದರಲ್ಲೇ ಕೆಲಸ ಮಾಡುವವರು ಅವರು. ನನ್ನ ಸಿಟ್ಟು ಹಳೆಯದನ್ನು ಹೊಸದರ ಥರ ತೋರಿಸುವ ಬಣ್ಣದ ಮೇಲೆ. ಚುಕ್ಕಿಯೇ ಇಲ್ಲದಿದ್ದರೆ ‘ಗೊತ್ತಿಲ್ಲ’ ಅಂತ ಅರ್ಥವಾಗುತ್ತದೆ, ಫೋನ್ ಎತ್ತುತ್ತೇವೆ. ಹಸಿರು ಕಂಡರೆ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ. ಅಲ್ವಾ?

ಇದೇ ತೊಂದರೆ ಮುನ್ಸೂಚನೆಗೂ, ಅಂದರೆ ಟ್ಯಾಫ್‌ಗೂ ಅಂಟಿಕೊಳ್ಳುತ್ತದೆ. ನಿರಂತರವಾಗಿ ಪರಿಶೀಲಿಸಲು ಆಗದ ಟ್ಯಾಫ್ ಅನ್ನು ರದ್ದು ಮಾಡಬೇಕು ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಿಯಮವಿದೆ. ಮೆಟಾರೇ ಬರದ ಕಡೆ ಯಾವುದನ್ನು ನೋಡಿ ಪರಿಶೀಲಿಸುವುದು? ಆದರೂ ಟ್ಯಾಫ್ ತೆರೆಯ ಮೇಲೆ ಹಾಗೇ ನಿಂತಿರುತ್ತದೆ.

ಇದಕ್ಕೆ ಬೆಲೆ ಇದೆ. ಅಲ್ಲಿನ ಆಕಾಶ ಗೊತ್ತಿಲ್ಲದಿದ್ದರೆ ನಾನು ಹೋಗಿ, ಇಳಿಯದೆ ವಾಪಸ್ ಬರುವಷ್ಟು ಇಂಧನ ತುಂಬಿಸುತ್ತೇನೆ. ಕ್ಯಾರವಾನ್‌ನಲ್ಲಿ ಇಂಧನ ಜಾಸ್ತಿಯಾದಷ್ಟೂ ಸಾಮಾನು ಕಮ್ಮಿ. ವಿಲ್ಸನ್ ಇರುವುದು ಸಮುದ್ರ ಮಟ್ಟದಿಂದ 5,500 ಅಡಿಗಿಂತ ಮೇಲೆ, ತೂಕದಲ್ಲಿ ಆಟ ಆಡುವ ಹಾಗಿಲ್ಲ. ಔಷಧಿ ಪೆಟ್ಟಿಗೆಗಳನ್ನು ಕೆಳಗಿಳಿಸಿ ಹೊರಟಿದ್ದೂ ಇದೆ. ಒಂದು ಸಾಲಿನ ವರದಿ ಬಂದಿದ್ದರೆ ಅವು ಅವತ್ತೇ ಆಸ್ಪತ್ರೆ ತಲುಪುತ್ತಿದ್ದವು.

ಇನ್ನು ಬ್ರೀಫಿಂಗ್ ಫೋಲ್ಡರ್. ಹೊರಡುವ ಮೊದಲು ಹವಾಮಾನ ಕಚೇರಿಯವರು ಕೊಡುವ ಕಾಗದಗಳ ಕಟ್ಟು ಅದು. ಟ್ಯಾಫ್, ಸಿಗ್ಮೆಟ್ ಅನ್ನುವ ಅಪಾಯದ ಹವೆಯ ಎಚ್ಚರಿಕೆ, ಮೇಲಿನ ಗಾಳಿಯ ನಕ್ಷೆ ಎಲ್ಲ ಕೊಡುತ್ತಾರೆ. ಲಂಡನ್, ವಾಷಿಂಗ್ಟನ್ ಕೇಂದ್ರಗಳು ಇಡೀ ಜಗತ್ತಿಗೆ ತಯಾರಿಸುವ ನಕ್ಷೆಗಳು ಜೆಟ್ ಓಡಿಸುವವರಿಗೆ ಒಳ್ಳೆಯವು. ಹನ್ನೊಂದು, ಹನ್ನೆರಡು ಸಾವಿರ ಅಡಿಯಲ್ಲಿ ಹಾರುವ ನನಗೆ ಅಷ್ಟಕ್ಕಷ್ಟೇ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗಾಲದಲ್ಲಿ ಟ್ಯಾಫ್‌ಗಳಲ್ಲಿ ದಿನಾ ಮಧ್ಯಾಹ್ನ ‘ಪ್ರಾಬ್ 30 ಟೆಂಪೊ, ಗುಡುಗು ಮಳೆ’ ಅಂತಲೇ ಇರುತ್ತದೆ, ಅಂದರೆ ಸ್ವಲ್ಪ ಹೊತ್ತು ಗುಡುಗು ಮಳೆ ಬರುವ ಸಾಧ್ಯತೆ ನೂರಕ್ಕೆ ಮೂವತ್ತು. ಸುಳ್ಳಲ್ಲ, ಆದರೆ ಯಾವ ದಿನ ಹೋಗಬೇಕು, ಯಾವ ದಿನ ಬೇಡ ಅಂತ ಅದರಿಂದ ಗೊತ್ತಾಗುವುದಿಲ್ಲ. ಫೋಲ್ಡರ್‌ಗಿಂತ ಮೇಜಿನ ಹಿಂದೆ ಕೂತಿರುವ ಮುನ್ಸೂಚಕರ ಜೊತೆ ಎರಡು ನಿಮಿಷ ಮಾತಾಡುವುದು ಹೆಚ್ಚು ಉಪಯೋಗ. ಕಾಗದದಲ್ಲಿ ಬರೆಯಲಾಗದ್ದನ್ನು ಬಾಯಲ್ಲಿ ಹೇಳುತ್ತಾರೆ.

ಕಂಪ್ಯೂಟರ್ ಮಾದರಿಯ ಲೆಕ್ಕ ತೋರಿಸುವ ವಿಂಡಿಯಂಥ ಜಾಲತಾಣ ಗಾಳಿಗೆ ಒಳ್ಳೆಯದು. ಉತ್ತರ ಕೀನ್ಯಾದ ತುರ್ಕಾನಾ ಕಣಿವೆಯಲ್ಲಿ ಮಾರ್ಸಬಿಟ್, ಲೋಡ್ವಾರ್ ಕಡೆ ನುಗ್ಗುವ ಗಾಳಿಯನ್ನು ಅದು ಚೆನ್ನಾಗಿ ತೋರಿಸುತ್ತದೆ. ಸಿಬಿ, ಅಂದರೆ ಗುಡುಗು ಮೋಡ, ಎಷ್ಟು ಗಂಟೆಗೆ, ಯಾವ ಗುಡ್ಡದ ಮೇಲೆ ಏಳುತ್ತದೆ ಅನ್ನುವುದಕ್ಕೆ ಅದನ್ನು ನಂಬುವುದಿಲ್ಲ. ಮಾದರಿಗೆ ಬೇಕಾದ ನೆಲದ ಅಳತೆಗಳೂ ಬಲೂನ್ ಅಳತೆಗಳೂ ಇಲ್ಲಿ ತೀರಾ ವಿರಳ. ಇದು ಬರೀ ಇಲ್ಲಿನವರ ಕಷ್ಟ ಅಂದುಕೊಳ್ಳಬೇಡಿ. ನಮ್ಮ ಮಲೆನಾಡಿಗೆ ಮುಂಗಾರು ಹೊತ್ತು ತರುವ ಕೆಳಮಟ್ಟದ ಗಾಳಿ ಕೀನ್ಯಾ, ಸೊಮಾಲಿಯಾ ದಾಟಿಯೇ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. 1960ರ ದಶಕದಲ್ಲಿ ಹವಾಮಾನ ವಿಜ್ಞಾನಿ ಫಿಂಡ್‌ಲೇಟರ್ ಅದನ್ನು ಗುರುತಿಸಿದ್ದು ಈ ಭಾಗದ ಬಲೂನ್ ಅಳತೆಗಳಿಂದ.

ಈಗ ನನ್ನ ಮೆಚ್ಚಿನದು. ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆ ಯೂಮೆಟ್‌ಸ್ಯಾಟ್‌ನವರ ಯೂಮೆಟ್‌ವ್ಯೂ ಪುಟ ತೆರೆದರೆ ಮೀಟಿಯೊಸ್ಯಾಟ್ ಚಿತ್ರ ಪುಕ್ಕಟೆ ಸಿಗುತ್ತದೆ. 45.5 ಡಿಗ್ರಿ ಪೂರ್ವದಲ್ಲಿ ನಿಂತ ಮೀಟಿಯೊಸ್ಯಾಟ್-9 ಹದಿನೈದು ನಿಮಿಷಕ್ಕೊಂದು ಚಿತ್ರ ಕಳಿಸುತ್ತದೆ. ಹೊಸ ಮೀಟಿಯೊಸ್ಯಾಟ್-12 ಹತ್ತು ನಿಮಿಷಕ್ಕೊಂದು ಕಳಿಸುತ್ತದೆ, ಸಿಡಿಲನ್ನೂ ಹಿಡಿಯುತ್ತದೆ. ರಾತ್ರಿ ಯಾರೂ ಡ್ಯೂಟಿ ಮುಗಿಸಿ ಹೋಗುವುದಿಲ್ಲ. ಸಮಯ ಚಿತ್ರದ ಜೊತೆಗೇ ಕಾಣುತ್ತದೆ. ನನಗೆ ಬೇಕಿದ್ದದ್ದೇ ಅದು.

ವಿಕ್ಟೋರಿಯಾ ಸರೋವರವನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಹಗಲು ನೀರಿನಿಂದ ನೆಲದ ಕಡೆ ಗಾಳಿ ಬೀಸಿ, ಪೂರ್ವ ದಡದ ಕಿಸುಮು, ಕೆರಿಚೊ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮೋಡ ಏಳುತ್ತದೆ. ರಾತ್ರಿ ಗಾಳಿ ತಿರುಗಿ, ಮೋಡ ಸರೋವರದ ಮೇಲೆಯೇ ಬೆಳೆಯುತ್ತದೆ. ಬೆಳಗಾಗುವಾಗ ಮೂಡಣ ಗಾಳಿ ಅದನ್ನು ಪಶ್ಚಿಮ ದಡದ ಬುಕೋಬಾ ಕಡೆ ತಳ್ಳುತ್ತದೆ. ನಡುನೀರಿನಲ್ಲಿ ಮೆಟಾರ್ ಕಳಿಸುವವರು ಯಾರೂ ಇಲ್ಲ. ಚಿತ್ರದಲ್ಲಿ ಮಾತ್ರ ಆ ಬಿಳಿ ಗುಡ್ಡೆ ಚಿತ್ರದಿಂದ ಚಿತ್ರಕ್ಕೆ ಎಡಕ್ಕೆ ಸರಿಯುವುದು ಕಾಣುತ್ತದೆ. 2022ರ ನವೆಂಬರ್ 6ರ ಬೆಳಗ್ಗೆ ಕೆಟ್ಟ ಹವೆಯಲ್ಲಿ ಬುಕೋಬಾಗೆ ಇಳಿಯಲು ಹೊರಟ ಪ್ರಿಸಿಷನ್ ಏರ್‌ನ ಎಟಿಆರ್ ವಿಮಾನ ಸರೋವರಕ್ಕೆ ಬಿತ್ತು. 43 ಜನರಲ್ಲಿ 19 ಜನ ತೀರಿಹೋದರು. ಮೊದಲು ಓಡಿ ಬಂದವರು ಮೀನುಗಾರರು. ಒಂದು ಚಿತ್ರ ಆ ವಿಮಾನವನ್ನು ಉಳಿಸುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ದಡಕ್ಕೆ ಬೆಳಗಿನ ಹೊತ್ತು ಹೋಗುವಾಗ ನೀರಿನ ಮೇಲಿನ ಮೋಡ ನೋಡದೆ ನಾನು ಎಂಜಿನ್ ಶುರು ಮಾಡುವುದಿಲ್ಲ.

ಕೊರತೆಯೂ ಇದೆ. ಮೋಡವನ್ನು ಮೇಲಿನಿಂದ ನೋಡುವುದು ಮಹಡಿಯಿಂದ ಕೊಡೆ ನೋಡಿದ ಹಾಗೆ, ಕೆಳಗೆ ಏನಿದೆ ಕಾಣುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ನೈರೋಬಿಯನ್ನು ಮುಚ್ಚುವ ತಗ್ಗು ಮೋಡ ನೆಲದಷ್ಟೇ ಬೆಚ್ಚಗಿರುವುದರಿಂದ ಇನ್‌ಫ್ರಾರೆಡ್ ಚಿತ್ರದಲ್ಲಿ ಹೆಚ್ಚುಕಮ್ಮಿ ಮಾಯ.

ಅದಕ್ಕೇ ಫೋನ್. ಮಸಾಯಿ ಮಾರಾದ ಏರ್‌ಸ್ಟ್ರಿಪ್‌ಗಳಿಂದ ಮೆಟಾರ್ ಬರುವುದಿಲ್ಲ. ಪ್ರವಾಸಿಗರಿಗಾಗಿ ಕಾಯುವ ಡ್ರೈವರ್, ಇಲ್ಲವೇ ಅಲ್ಲಿನ ಅಸ್ಕಾರಿ, ಅಂದರೆ ಕಾವಲುಗಾರ, ಸಿಗುತ್ತಾರೆ. ‘ಹವೆ ಹೇಗಿದೆ’ ಅಂತ ಕೇಳಬೇಡಿ. ‘ಹಾಕುನಾ ಮ್ವುವಾ’, ಮಳೆ ಇಲ್ಲ, ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಕೇಳುವುದು ಹೀಗೆ: ಒಲೋಲೊಲೊ ಬೆಟ್ಟದ ಅಂಚು ಪೂರ್ತಿ ಕಾಣುತ್ತಿದೆಯಾ, ಅರ್ಧವಾ? ಗಾಳಿಚೀಲ ಯಾವ ಕಡೆ ತಿರುಗಿದೆ? ರಾತ್ರಿ ಮಳೆ ಬಂತಾ? ರನ್‌ವೇ ಮೇಲೆ ನಡೆದರೆ ಬೂಟಿಗೆ ಮಣ್ಣು ಅಂಟುತ್ತದಾ? ಅಲ್ಲಿನ ನೆಲದಲ್ಲಿ ತುಂಬಾ ಕಡೆ ನಮ್ಮ ಬಯಲುಸೀಮೆಯ ಎರೆಮಣ್ಣೇ. ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಬೂಟಿಗೆ ಅಂಟಿದ ಮಣ್ಣನ್ನು ಯಾವ ಉಪಗ್ರಹವೂ ಹೇಳುವುದಿಲ್ಲ.

ಜೊಹಾನ್ಸ್‌ಬರ್ಗ್, ಕೇಪ್‌ಟೌನ್ ಕಡೆ ಹಾರುವವರಿಗೆ ಆ್ಯಪ್ ಬೇಡ ಅನ್ನುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ರಾಡಾರ್ ಇದೆ, ವರದಿಯೂ ಚೆನ್ನಾಗಿ ಬರುತ್ತದೆ. ಕಂಪನಿ ದುಡ್ಡು ಕೊಟ್ಟರೆ ನಕ್ಷೆಗಾದರೂ ಇಟ್ಟುಕೊಳ್ಳಿ. ನನ್ನದು ಸ್ವಂತ ಜೇಬು, ಸಣ್ಣ ಏರ್‌ಸ್ಟ್ರಿಪ್‌ಗಳು, ಬೆಳಗಿನ ಹಾರಾಟ. ಚಂದಾ ರಿನ್ಯೂ ಮಾಡುವುದಿಲ್ಲ. ಅದರ ಒಂದು ಸಣ್ಣ ಪಾಲಿನಲ್ಲಿ ವರ್ಷಕ್ಕಾಗುವಷ್ಟು ಮೊಬೈಲ್ ಡೇಟಾ ಬರುತ್ತದೆ, ಡ್ರೈವರ್‌ಗಳಿಗೆ, ಅಸ್ಕಾರಿಗಳಿಗೆ ಏರ್‌ಟೈಮ್ ಕಳಿಸಲೂ ಉಳಿಯುತ್ತದೆ. ಅವರು ನನಗಾಗಿ ರನ್‌ವೇ ತುದಿಯವರೆಗೆ ನಡೆದು ನೋಡಿ ಬರುತ್ತಾರೆ, ಅಷ್ಟಾದರೂ ಕೊಡಬೇಕು.