ಮಡಿಕೇರಿ ಮಂಜಿಗೆ ಯಾವ ಬೋರ್ಡ್? ಗಾಜಿನ ನಿಯಾನ್, ಎಲ್‌ಇಡಿ ನಿಯಾನ್, ಡಬ್ಬಿ ಬೋರ್ಡ್

ಮಡಿಕೇರಿಯಲ್ಲಿ ಮಳೆಗಾಲದ ಸಂಜೆ ಮಂಜು ಇಳಿದರೆ ಎದುರು ಸಾಲಿನ ಅಂಗಡಿಯ ಹೆಸರೂ ಕಾಣುವುದಿಲ್ಲ. ಬೋರ್ಡ್‌ಗೆ ನಿಜವಾದ ಪರೀಕ್ಷೆ ಆಗಲೇ. ನಮ್ಮ ಕಾಫಿಪುಡಿ, ಏಲಕ್ಕಿ, ಜೇನಿನ ಅಂಗಡಿಗೆ ಬೇರೆ ಬೇರೆ ಬಗೆಯವನ್ನು ಹಾಕಿ ನೋಡಿದ್ದೇನೆ. ಹೊಸದು ಮಾಡಿಸುವವರಿಗೆ ಉಪಯೋಗವಾಗಬಹುದು.

ಮೊದಲು ಗಾಜಿನ ನಿಯಾನ್, ಅಂದರೆ ಅನಿಲ ತುಂಬಿದ ಗಾಜಿನ ಕೊಳವೆಯನ್ನೇ ಅಕ್ಷರವಾಗಿ ಬಗ್ಗಿಸಿದ ಬೋರ್ಡ್. ಅಪ್ಪ ಹಾಕಿಸಿದ್ದ ‘ಕಾಫಿ’ ಇವತ್ತಿಗೂ ಉರಿಯುತ್ತಿದೆ. ಕಿತ್ತಳೆ ಬೆರೆತ ಆ ಕೆಂಪು ನಿಯಾನ್ ಅನಿಲದ ಸ್ವಂತ ಬಣ್ಣ. ನೀಲಿ ಬೇಕಾದರೆ ಆರ್ಗಾನ್ ಜೊತೆ ಚೂರು ಪಾದರಸ ಹಾಕುತ್ತಾರೆ. 1910ರಲ್ಲಿ ಫ್ರಾನ್ಸ್‌ನ ಎಂಜಿನಿಯರ್ ಜಾರ್ಜ್ ಕ್ಲಾಡ್ ಪ್ಯಾರಿಸ್‌ನಲ್ಲಿ ತೋರಿಸಿದ ದೀಪದ ವಂಶದ್ದೇ ಇದೂ. ಗಾಜಿನ ಕೊಳವೆಯನ್ನು ಉರಿಯಲ್ಲಿ ಕಾಯಿಸಿ ಕೈಯಿಂದಲೇ ಬಗ್ಗಿಸಬೇಕು. ನಮ್ಮ ದುಂಡು ಅಕ್ಷರಗಳಿಗೆ ಹೇಳಿ ಮಾಡಿಸಿದ ಕೆಲಸ, ಅಲ್ವಾ? ಹತ್ತಿರದಿಂದ ನೋಡಿದರೆ ‘ಕಾ’ ಮುಗಿದ ಮೇಲೆ ಕೊಳವೆ ಹಿಂದಕ್ಕೆ ಬಾಗಿ, ಮುಂದೆ ಬಂದು ‘ಫಿ’ ಆಗುತ್ತದೆ. ಹಿಂದೆ ಹೋದ ತುಂಡಿಗೆ ಕಪ್ಪು ಬಣ್ಣ ಬಳಿದಿದ್ದಾರೆ. ರಸ್ತೆಯಿಂದ ಅದು ಕಾಣುವುದೇ ಇಲ್ಲ.

ಮಂಜಿನಲ್ಲಿ ಇದಕ್ಕೆ ಸಾಟಿ ಇಲ್ಲ. ಸುತ್ತ ತೆಳ್ಳಗೆ ಕೆಂಪು ಹರಡಿದರೂ ಅಕ್ಷರದ ಗೆರೆ ಉಳಿಯುತ್ತದೆ. ಕೆಂಪು ಬೆಳಕು ಮಂಜನ್ನು ಸೀಳುತ್ತದೆ ಅನ್ನುವವರಿದ್ದಾರೆ. ಹಾಗೇನಿಲ್ಲ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ತರಹ ಚದುರಿಸುತ್ತದೆ. ಹಿಂದೆ ಕಪ್ಪು, ಮುಂದೆ ಗೆರೆ ಮಾತ್ರ ಬೆಳಕು. ಓದಲು ಆಗುವುದು ಅದಕ್ಕೇ.

ಕಷ್ಟ ಇರುವುದು ರಿಪೇರಿಯಲ್ಲಿ. ಟ್ರಾನ್ಸ್‌ಫಾರ್ಮರ್ ಸಾವಿರಾರು ವೋಲ್ಟ್ ಕೊಡುತ್ತದೆ. ತಂತಿ ತುದಿಯ ಧೂಳು ಒದ್ದೆಯಾದರೆ ಚರಚರ ಸದ್ದು. ಕೊಳವೆ ಒಡೆದರೆ ಬಗ್ಗಿಸಿ ಕೊಡುವವರು ನನಗೆ ಇಡೀ ಕೊಡಗಿನಲ್ಲಿ ಸಿಗಲಿಲ್ಲ. ನಿಯಾನ್‌ಗೆ ಹೆಸರಾದ ಹಾಂಗ್‌ಕಾಂಗ್‌ನಲ್ಲೇ ಸುರಕ್ಷತೆಯ ನಿಯಮಗಳಿಂದ ಸಾಲುಸಾಲು ನಿಯಾನ್ ಬೋರ್ಡ್ ಇಳಿಸಿದರು. ಕೆಲವನ್ನು ಅಲ್ಲಿನ ಎಂ ಪ್ಲಸ್ ಮ್ಯೂಸಿಯಂ ಎತ್ತಿಟ್ಟುಕೊಂಡಿದೆ. ಬೀದಿಯಲ್ಲಿ ಇರಬೇಕಾದದ್ದು ಮ್ಯೂಸಿಯಂ ಸೇರುವುದು ನನಗೆ ನೋವಿನ ಸಂಗತಿ.

ಎಲ್‌ಇಡಿ ನಿಯಾನ್‌ನಲ್ಲಿ ನಿಯಾನ್ ಇಲ್ಲವೇ ಇಲ್ಲ. ಸಿಲಿಕೋನ್ ಪಟ್ಟಿಯೊಳಗೆ ಸಣ್ಣ ಎಲ್‌ಇಡಿಗಳ ಸಾಲು. ನಮ್ಮದು 12 ವೋಲ್ಟ್‌ನದು. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಆರಾಮಾಗಿ ಉರಿಯುತ್ತದೆ. ಒಡೆಯುವ ಭಯವಿಲ್ಲ. ಮಂಜಿನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಪಟ್ಟಿ ದಪ್ಪ, ಸಣ್ಣ ತಿರುವಿಗೆ ಬಗ್ಗುವುದಿಲ್ಲ. ‘ಏಲಕ್ಕಿ’ಯ ಒತ್ತಕ್ಷರ ಮುದ್ದೆಯಾಗಿಯೇ ಬಂತು. ಇಂಥ ಪಟ್ಟಿಯಲ್ಲಿ ಎಲ್‌ಇಡಿಗಳು ಸಾಮಾನ್ಯವಾಗಿ ಮೂರು ಮೂರರ ಗುಂಪು. ಒಂದು ಕೆಟ್ಟರೆ ಆ ತುಂಡೇ ಕತ್ತಲು. ನಮ್ಮಲ್ಲಿ ಆರಿದ್ದು ಆ ಒತ್ತೇ. ಬದಲಾಯಿಸುವ ತನಕ ಬೋರ್ಡ್ ‘ಏಲಕಿ’ ಅನ್ನುತ್ತಿತ್ತು.

ಒಳಗೆ ಬಿಳಿ ಟ್ಯೂಬ್, ಮುಂದೆ ಫ್ಲೆಕ್ಸ್ ಇರುವ ಡಬ್ಬಿ ಬೋರ್ಡ್ ಎಲ್ಲದಕ್ಕಿಂತ ಅಗ್ಗ. ಮಂಜಿನಲ್ಲಿ ಮಾತ್ರ ಬರೀ ಬಿಳಿ ಮಬ್ಬು, ಅಕ್ಷರ ಅದರಲ್ಲೇ ಮುಳುಗುತ್ತದೆ. ಮೊದಲ ಮಳೆಗೆ ರೆಕ್ಕೆ ಗೆದ್ದಲು ಮುತ್ತಿಕೊಂಡು ಡಬ್ಬಿಯ ತಳದಲ್ಲಿ ರೆಕ್ಕೆಗಳ ರಾಶಿ. ಕೆಂಪು ನಿಯಾನ್‌ಗೆ ಹುಳದ ಕಾಟ ಬಹಳ ಕಡಿಮೆ. ಇನ್ನು ಓಡುವ ಅಕ್ಷರದ ಬೋರ್ಡ್. ಗಾಡಿ ಓಡಿಸುವವರ ಕಣ್ಣಿಗೆ ಚುಚ್ಚುತ್ತದೆ, ನನಗಂತೂ ಬೇಡ.

ಹೊಸದು ಮಾಡಿಸುವುದಾದರೆ ಕೆಂಪು ಎಲ್‌ಇಡಿ ನಿಯಾನ್ ಮಾಡಿಸಿ, ಕಪ್ಪು ಹಲಗೆಯ ಮೇಲೆ. ಅಕ್ಷರ ದೊಡ್ಡದಿರಲಿ, ಒತ್ತಿಗೆ ಜಾಗ ಸಿಗಲಿ. ಅಡಾಪ್ಟರ್ ಅಂಗಡಿಯ ಒಳಗೇ ಇರಲಿ. ಹಳೆಯ ಗಾಜಿನ ನಿಯಾನ್ ಇದ್ದವರು ಉರಿಯುತ್ತಿಲ್ಲ ಅಂತ ಸುಮ್ನೆ ಗುಜರಿಗೆ ಹಾಕಬೇಡಿ. ಒಡೆಯದ ಕೊಳವೆ ದಶಕಗಟ್ಟಲೆ ಬಾಳುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಟ್ರಾನ್ಸ್‌ಫಾರ್ಮರ್ ಅಥವಾ ತಂತಿ. ನೀವೇ ಬಿಚ್ಚಲು ಹೋಗಬೇಡಿ, ಹೈ ವೋಲ್ಟೇಜ್ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.