ಶುಗರ್‌ಗೆ ಅಣಬೆ ಕ್ಯಾಪ್ಸೂಲ್ ಅಂತ ಯಾರಾದ್ರೂ ಬಂದ್ರೆ ಬಾಗಿಲಲ್ಲೇ ಕಳಿಸಿ

ಮನೇಲಿ ಶುಗರ್ ಇರೋರು ಇದ್ರೆ ದಯವಿಟ್ಟು ಪೂರ್ತಿ ಓದಿ. ಗ್ಯಾನೋಡರ್ಮಾ, ರೇಶಿ, ಲಿಂಗ್‌ಝಿ, ‘ಕೆಂಪು ಅಣಬೆ’, ಹೆಸರು ಯಾವುದಾದ್ರೂ ಇಟ್ಕೊಂಡು ಬರಲಿ, ಮಾಲು ಒಂದೇ.

ನಮ್ಮಪ್ಪನಿಗೆ ಇದನ್ನ ತಂದುಕೊಟ್ಟಿದ್ದು ಕುಕ್ಕರಹಳ್ಳಿ ಕೆರೆ ಹತ್ರ ವಾಕಿಂಗ್‌ಗೆ ಜೊತೆಯಾಗೋ ಅಂಕಲ್. ರಿಟೈರ್ ಆದವರು, ಮನೆಗೆ ಬಂದು ಕಾಫಿ ಕುಡಿದು ಹೋಗೋರು. ಅದಕ್ಕೇ ಇಷ್ಟು ಉರಿಯೋದು! ಮೊದಲು ‘ಸುಮ್ನೆ ಒಂದು ಆರೋಗ್ಯದ ಮೀಟಿಂಗ್, ಬನ್ನಿ ಸಾರ್’ ಅಂದ್ರಂತೆ. ಅಲ್ಲಿ ಏನೇನು ನಡೆಯುತ್ತೆ ಅಂತ ನಿಮಗೂ ಗೊತ್ತು. ಒಬ್ಬರು ಎದ್ದು ‘ನಂದು ಮುನ್ನೂರಿತ್ತು, ಈಗ ನೂರಹತ್ತು’ ಅನ್ನೋದು, ಎಲ್ಲರೂ ಚಪ್ಪಾಳೆ ತಟ್ಟೋದು. ಅಪ್ಪ ಡಬ್ಬಿ ಹಿಡ್ಕೊಂಡು ಬಂದ್ರು. ಅಂಕಲ್ ಅವರ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮೊದಲು ಅರ್ಧ ಮಾಡಿಸಿದ್ರು, ಆಮೇಲೆ ಪೂರ್ತಿ ಬಿಡಿಸಿದ್ರು. ನಮಗೆ ಸುಳಿವೂ ಇಲ್ಲ.

ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಾಟ, ಎಷ್ಟು ನೀರು ಕುಡಿದ್ರೂ ಬಾಯಾರಿಕೆ. ಟೆಸ್ಟ್ ಮಾಡಿಸಿದ್ರೆ ಮೂರು ತಿಂಗಳ ಸರಾಸರಿ ಶುಗರ್ (HbA1c) 7.2 ಇದ್ದದ್ದು 9.6 ಆಗಿತ್ತು. ಅಂಕಲ್‌ಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ: ‘ಒಳ್ಳೇ ಲಕ್ಷಣ ಕಣಮ್ಮ, ಒಳಗಿನ ವಿಷ ಹೊರಗೆ ಬರ್ತಿದೆ. ಡೋಸ್ ಡಬಲ್ ಮಾಡಿ.’ ಶುಗರ್ ಇಳಿದ್ರೆ ಅಣಬೆಯ ಮಹಿಮೆ, ಏರಿದ್ರೆ ಅದೂ ಅಣಬೆಯ ಮಹಿಮೆ!

ಡಬ್ಬಿ ತಿರುಗಿಸಿ ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಲ್ಲಿ, ‘ಔಷಧಿಯಾಗಿ ಬಳಸುವಂಥದ್ದಲ್ಲ’ ಅಂತ ಬರೆದಿದೆ. ಇರೋದು ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡೋ ಹದಿನಾಲ್ಕು ಅಂಕಿಯ ನಂಬರ್. ಅಂದ್ರೆ ಕಾನೂನಿನ ಲೆಕ್ಕದಲ್ಲಿ ಅದು ಆಹಾರ, ಬಿಸ್ಕತ್ ಪ್ಯಾಕೆಟ್ ಮೇಲೂ ಅಂಥದ್ದೇ ನಂಬರ್ ಇರುತ್ತೆ. ಅದನ್ನ ನಂಬಿ ಅಪ್ಪ ಮಾತ್ರೆ ಬಿಟ್ಟು ಕೂತಿದ್ರು. ಕೈ ನಡುಗ್ತಿತ್ತು ನಂಗೆ. ಅಂಕಲ್‌ನ ಕೇಳಿದ್ರೆ, ‘ಅದು ಸರ್ಕಾರ ಹಾಕು ಅನ್ನುತ್ತೆ ಅಂತ ಹಾಕೋದು ಬಿಡಮ್ಮ.’

ದುಡ್ಡು ವಾಪಸ್ ಕೊಡಿ ಅಂದೆ. ಇನ್ನೊಂದು ಬಾಂಬ್ ಬಂತು. ‘ನಿಮ್ಮ ತಂದೆ ಗ್ರಾಹಕರಲ್ಲಮ್ಮ, ನಮ್ಮ ಡಿಸ್ಟ್ರಿಬ್ಯೂಟರ್. ಸೈನ್ ಮಾಡಿದಾರಲ್ಲ?’ ಡಿಸ್ಕೌಂಟ್ ಫಾರಂ ಅಂತ ಸೈನ್ ಹಾಕಿಸಿಕೊಂಡಿದ್ದು ಮೆಂಬರ್‌ಶಿಪ್ ಫಾರಂ! ‘ಕೆಳಗೆ ಇಬ್ಬರನ್ನ ಸೇರಿಸಿ, ದುಡ್ಡು ತಾನಾಗೇ ಬರುತ್ತೆ’ ಅಂದ್ರು. ಅಂದ್ರೆ ನಮ್ಮಪ್ಪ ಹೋಗಿ ಇನ್ನಿಬ್ಬರು ಶುಗರ್ ಪೇಷಂಟ್‌ಗಳ ಮಾತ್ರೆ ಬಿಡಿಸಬೇಕು. ಅಪ್ಪ ಈಗಲೂ ನೆಂಟರ ಮುಂದೆ ಈ ವಿಷಯ ಎತ್ತಬೇಡ ಅಂತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಪ್ರೂಫ್ ಅಂತ ವಾಟ್ಸಾಪಲ್ಲಿ ಪಿಡಿಎಫ್ ಬೇರೆ ಕಳಿಸಿದ್ರು. ಓದಿದ್ರೆ ಅದು ಇಲಿಗಳ ಮೇಲಿನ ಪ್ರಯೋಗ. ಅಣಬೆಯಲ್ಲಿರೋ ಬೀಟಾ ಗ್ಲೂಕಾನ್ ಅನ್ನೋ ನಾರಿನಂಶ ಮುಂತಾದವು ಇಲಿಗಳಲ್ಲಿ ಶುಗರ್ ಇಳಿಸಿದ್ದು ಸುಳ್ಳಲ್ಲ. ಮನುಷ್ಯರ ಕಥೆ ಬೇರೆ. ಆಸ್ಟ್ರೇಲಿಯಾದಲ್ಲಿ ಡಯಾಬಿಟಿಸ್, ಮೆಟಬಾಲಿಕ್ ಸಿಂಡ್ರೋಮ್ (ಬೊಜ್ಜು, ಬಿಪಿ, ಶುಗರ್‌ನಂಥವು ಒಟ್ಟಿಗೆ ಕಾಡೋದು) ಇರೋ 84 ಜನರನ್ನ ಸೇರಿಸಿಕೊಂಡು, ಕೆಲವರಿಗೆ ಅಣಬೆ ಪುಡಿ, ಕೆಲವರಿಗೆ ಹುಸಿ ಕ್ಯಾಪ್ಸೂಲ್ ಕೊಟ್ಟು 16 ವಾರ ನೋಡಿದ್ರು. 2016ರಲ್ಲಿ ಪ್ರಕಟವಾಯ್ತು. ಫಾಸ್ಟಿಂಗ್ ಆಗಲಿ, ಮೂರು ತಿಂಗಳ ಶುಗರ್ ಆಗಲಿ, ಪುಡಿ ತಿಂದು ಇಳೀಲಿಲ್ಲ. ಆ ಪಿಡಿಎಫ್ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ತಮಾಷೆ ಅಂದ್ರೆ, ನಮ್ಮ ತೆಂಗು, ಅಡಿಕೆ ತೋಟದವರು ‘ಅಣಬೆ ರೋಗ’ ಅಂತ ತಲೆ ಚಚ್ಚಿಕೊಳ್ಳೋದು ಇದೇ ಗ್ಯಾನೋಡರ್ಮಾ ಕಾಟಕ್ಕೆ. ಇಲ್ಲಿ ಮರ ಸಾಯಿಸುತ್ತೆ, ಡಬ್ಬಿಗೆ ಹೋದ್ರೆ ಸಂಜೀವಿನಿಯಂತೆ.

ಡಯಾಬಿಟಿಸ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೇ ಇವರು ಏನನ್ನೂ ಬರೆದುಕೊಡಲ್ಲ, ಎಲ್ಲಾ ಬಾಯಿಮಾತು. ‘ವಾಸಿಯಾಗುತ್ತೆ ಅಂತ ಬರೆದುಕೊಡಿ ಅಂಕಲ್’ ಅನ್ನಿ, ಮುಖ ನೋಡಿ. ಡಾಕ್ಟರನ್ನ ಕೇಳದೆ ಮಾತ್ರೆ ಬಿಡಿಸೋಕೆ ಬಿಡಬೇಡಿ. ಸೈನ್ ಹಾಕೋ ಮುಂಚೆ ಫಾರಂ ಮಕ್ಕಳ ಕೈಲಿ ಓದಿಸಿ. ಮೋಸ ಆಗಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಇಸ್ಕೊಳ್ಳಿ. ನಾವು ಬಿಲ್ ಕೇಳಿದಾಗ ಸಿಕ್ಕ ಉತ್ತರ: ‘ನಮ್ಮ ನಮ್ಮಲ್ಲಿ ಬಿಲ್ ಯಾಕಮ್ಮ?’