4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು, ಅಂಗಡಿಯಲ್ಲಿ ಎರಡೂವರೆ ವರ್ಷ ಲಿನಕ್ಸ್ ಮಿಂಟ್

ಕೋಲಾರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ ಎಲ್ಲವೂ 2013ರಲ್ಲಿ ಕೊಂಡ ಐ3 ಪ್ರೊಸೆಸರಿನ ಲ್ಯಾಪ್‌ಟಾಪಿನ ಮೇಲೇ ನಡೆಯಬೇಕು. ರ‍್ಯಾಮ್ (ತೆರೆದ ಕೆಲಸಗಳನ್ನು ಸದ್ಯಕ್ಕೆ ಇಟ್ಟುಕೊಳ್ಳುವ ಜಾಗ) 4 ಜಿಬಿ, ಅದೂ ಬೋರ್ಡಿಗೇ ಬೆಸೆದದ್ದು. ಹೆಚ್ಚಿಸೋಣವೆಂದರೆ ಸ್ಲಾಟೇ ಇಲ್ಲ. ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಕರೆಂಟ್ ಹೋಗಿ ಬಂದರೆ ಮತ್ತೆ ಕೈಗೆ ಸಿಗಲು ಐದು ನಿಮಿಷ. "ನಿನ್ ಮಿಷೀನು ಎದ್ದೇಳೋ ಹೊತ್ಗೆ ನಮ್ಮೂರ್ ಬಸ್ಸು ಹೊಂಟೋಗ್ತದೆ ಕಣಪ್ಪಾ" ಅಂತ ಶ್ರೀನಿವಾಸಪುರ ಕಡೆಯ ಮಾವಿನ ತೋಟದ ಯಜಮಾನರೊಬ್ಬರು ಪಕ್ಕದಂಗಡಿಗೆ ಎದ್ದು ಹೋದರು. ಅವತ್ತು ನಾಚಿಕೆಯಾಯಿತು.

ಮೊದಲು ಬಿಟ್ಟಿ ದಾರಿ ಹಿಡಿದೆ. ರ‍್ಯಾಮ್ ಖಾಲಿ ಮಾಡಿಕೊಡುವ 'ಬೂಸ್ಟರ್' ಒಂದನ್ನು ಹಾಕಿದೆ. ಬಟನ್ ಒತ್ತಿದರೆ ಅಂಕಿ ಇಳಿಯುತ್ತಿತ್ತು, ವೇಗ ಏರುತ್ತಿರಲಿಲ್ಲ. ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ದಬ್ಬಿ, ಬೇಕಾದಾಗ ಮತ್ತೆ ಎಳೆದು ತರುವುದಷ್ಟೇ ಅದರ ಘನಕಾರ್ಯ. ಆಮೇಲೆ ಹಳೇ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಆನ್ ಆಗುವುದು ಅರ್ಧ ನಿಮಿಷಕ್ಕಿಳಿಯಿತು, ಗೆದ್ದೆ ಅಂದುಕೊಂಡೆ. ಆದರೆ ಬ್ರೌಸರಿನಲ್ಲಿ ಐದಾರು ಟ್ಯಾಬ್ ಆದ ಕೂಡಲೇ ಮತ್ತೆ ಅದೇ ರಾಗ. ಡಿಸ್ಕಿನ ಕಾಯಿಲೆ ವಾಸಿಯಾಗಿತ್ತು, ರ‍್ಯಾಮಿನ ಹಸಿವು ಹಾಗೇ ಇತ್ತು.

2023ರಲ್ಲಿ ವಿಂಡೋಸ್ ತೆಗೆದು, ಅದರಂತೆಯೇ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ 21ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿದೆ. ಏನೂ ತೆರೆಯದೆ ಸುಮ್ಮನಿದ್ದರೆ ಮೊದಲು 2 ಜಿಬಿ ಹತ್ತಿರ ನುಂಗುತ್ತಿದ್ದದ್ದು ಈಗ ಸುಮಾರು 800 ಎಂಬಿ. ಇದಕ್ಕಿಂತ ಹೆಚ್ಚು ಕೈಹಿಡಿದದ್ದು ಜೆಡ್‌ರ‍್ಯಾಮ್. ಹುಣಸೆಹಣ್ಣನ್ನು ಮಡಕೆಗೆ ಒತ್ತಿ ತುಂಬುತ್ತೇವಲ್ಲ, ಹಾಗೆ ಸದ್ಯಕ್ಕೆ ಬೇಡದ ಮಾಹಿತಿಯನ್ನು ಡಿಸ್ಕಿಗೆ ಕಳಿಸದೆ ರ‍್ಯಾಮಿನಲ್ಲೇ ಹಿಂಡಿ ಇಡುತ್ತದೆ. ಹಿಂಡುವ ಕೂಲಿ ಪ್ರೊಸೆಸರಿನದು, ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ. ಅದರ ಮಿತಿಯನ್ನು ನಾನು 2 ಜಿಬಿಗೆ ಇಟ್ಟಿದ್ದೇನೆ. ಈಗ ಎಂಟು ಟ್ಯಾಬ್, ಒಂದು ಪಿಡಿಎಫ್, ಜೊತೆಗೆ ಪ್ರಿಂಟು, ತಡವರಿಸುವುದಿಲ್ಲ. ಹತ್ತು ದಾಟಿದರೆ ಮಾತ್ರ ಮುನಿಸು.

ತೊಂದರೆಯೂ ಉಂಟು. ಗಿರಾಕಿಗಳ ಬೆರಳ ಗುರುತು ಓದುವ ನನ್ನ ಯಂತ್ರ ಇದರಲ್ಲಿ ಓಡಲೇ ಇಲ್ಲ. ಇಂಥ ಯಂತ್ರವನ್ನು ಫೋನಿಗೆ ಜೋಡಿಸುವ ಒಟಿಜಿ ಕೇಬಲ್ ಹಾಕಿ ಅದನ್ನು ಫೋನಿನಲ್ಲಿ ನಡೆಸುತ್ತಿದ್ದೇನೆ. ಪ್ರಿಂಟರಿಗೆ ಒಂದು ಭಾನುವಾರ ಹೋಯಿತು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ಗೆ ಮುಂಚೆ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕರಾರು ಪತ್ರಗಳು ಆ ಫಾಂಟ್ ಇಲ್ಲದೆ ಬರೀ ಗೀಚು. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಮಿಂಟಿನ ಒಳಗೇ ಇರುವುದರಿಂದ ನುಡಿ ತಂತ್ರಾಂಶದಲ್ಲಿ ಪಳಗಿದ ಕೈ ಮಾತ್ರ ಎಡವಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗ ಅಕ್ಕಪಕ್ಕದವರು ಗಾಬರಿಯಾದರು. ವಿಂಡೋಸ್ 11ರ ಪಟ್ಟಿಯಲ್ಲಿ ಇಷ್ಟು ಹಳೆಯ ಪ್ರೊಸೆಸರುಗಳಿಲ್ಲ. ನನ್ನ ಮಿಂಟಿಗೆ 2027ರವರೆಗೆ ಅಪ್‌ಡೇಟ್ ಇದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಬೆರಳ ಗುರುತಿನ ಯಂತ್ರದ್ದು. ನಿಮ್ಮದರಲ್ಲಿ ಸ್ಲಾಟ್ ಇದ್ದರೆ ಈ ಸರ್ಕಸ್ಸೆಲ್ಲ ಬೇಡ, ಮೊದಲು ರ‍್ಯಾಮ್ ಹಾಕಿಸಿ. ಅಂಗಡಿಗೆ ಹೋಗುವಾಗ ಹಳೇ ಚಿಪ್ಪನ್ನೇ ಬಿಚ್ಚಿಕೊಂಡು ಹೋಗಿ, 1.35 ವೋಲ್ಟಿನ ಡಿಡಿಆರ್3ಎಲ್ ಬಗೆಯ ರ‍್ಯಾಮ್ ಬೇಕಿರುವ ಕಡೆ 1.5ರದ್ದು ತಂದರೆ ಮತ್ತೆ ಬಸ್ ಚಾರ್ಜು ದಂಡ.